ತೋಳಿನೊಳಗಿನ ಇಲಿ

ಟ್ರೇಯ ಕೊನೆಯ ಸಾಲಿನಲ್ಲಿ ಇವತ್ತು ಎರಡು ಬನ್ನಿನ ಜಾಗ ಖಾಲಿ ಬಿದ್ದಿತ್ತು. ಮಗಳು ಸೊಂಟದ ಮೇಲೆ ಕೈಯಿಟ್ಟುಕೊಂಡು ಆ ಖಾಲಿ ಜಾಗವನ್ನೇ ನೋಡುತ್ತಿದ್ದಳು. ಅಳಿಯ ಬಗ್ಗಿ ಮೇಜಿನ ಅಡಿ ಇಣುಕುತ್ತಿದ್ದ. ಬನ್ನಣ್ಣ ಇಬ್ಬರನ್ನೂ ನೋಡದೆ ಗೋಡೆಯ ಗಡಿಯಾರವನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದ, ಯಾಕೆಂದರೆ ಆ ಎರಡು ಬನ್ನು ಆಗಬೇಕಾಗಿದ್ದ ಹಿಟ್ಟು ಅವನ ಕೋಟಿನ ಬಲಜೇಬಿನಲ್ಲಿ, ಒದ್ದೆ ಕರವಸ್ತ್ರದೊಳಗೆ, ಸದ್ದಿಲ್ಲದೆ ಕೂತಿತ್ತು. ಮೊನ್ನೆಯವರೆಗೆ ಒಂದೇ ಬನ್ನಿನಷ್ಟು ಸಾಕಾಗುತ್ತಿತ್ತು. ಇವತ್ತು ಆಸೆ ಹೆಚ್ಚಾಗಿಬಿಟ್ಟಿತು. ಇಡೀ ಬೀದಿ ಬನ್ನಣ್ಣ ಎಂದು ಕರೆಯುವ ಮನುಷ್ಯ ತನ್ನ ಸ್ವಂತ ಬೇಕರಿಯಲ್ಲಿ ತನ್ನದೇ ಹಿಟ್ಟನ್ನು ಎತ್ತಿಕೊಂಡರೆ ಅದನ್ನು ಕಳ್ಳತನ ಎನ್ನಬಹುದೇ ಎಂದು ಅವನು ಬೆಳಗಿನಿಂದ ತನ್ನೊಡನೆ ತಾನೇ ವಾದ ಮಾಡಿಕೊಂಡಿದ್ದ. ವಾದದಲ್ಲಿ ಗೆದ್ದೂ ಇದ್ದ. ಗೆದ್ದವನ ಕಿವಿ ಯಾಕೆ ಹೀಗೆ ಬಿಸಿಯಾಗಿದೆ ಎನ್ನುವುದು ಮಾತ್ರ ತಿಳಿಯಲಿಲ್ಲ.

"ಇದು ಇಲೀದೇ ಕೆಲಸ," ಅಂದಳು ಮಗಳು.

"ಇಲಿಯಾ? ನಮ್ಮ ಬೇಕರೀಲಾ?" ಬನ್ನಣ್ಣನ ದನಿಯಲ್ಲಿ ಬಂದ ಸಿಟ್ಟು ಅಪ್ಪಟ ಸಿಟ್ಟೇ ಆಗಿತ್ತು. ಇಷ್ಟು ವರ್ಷ ಈ ಬೇಕರಿಯೊಳಗೆ ಒಂದು ಇಲಿಯ ಬಾಲವೂ ಸುಳಿದಿರಲಿಲ್ಲ. ಮೂಟೆಗಳನ್ನು ನೆಲದ ಮೇಲಿಡದೆ, ಸಂದಿಗೊಂದಿಗಳನ್ನು ತಾನೇ ಮೆತ್ತಿ, ಸಂಜೆಯಾದರೆ ತಾನೇ ಮಂಡಿಯೂರಿ ಗುಡಿಸಿ ಅವನು ಆ ಮರ್ಯಾದೆಯನ್ನು ಕಾಪಾಡಿಕೊಂಡು ಬಂದಿದ್ದ.

"ಮತ್ತಿನ್ಯಾರು ಮಾವ?" ಅಳಿಯ ಮೇಲೆದ್ದು ಮಂಡಿಯ ಹಿಟ್ಟು ಕೊಡವಿಕೊಂಡ. "ಮೆಟ್ಟಿಲ ಮೇಲೂ ಹಿಟ್ಟಿನ ಚೂರು ಸಿಕ್ತು, ನಿಮ್ಮ ರೂಮಿನ ಬಾಗಿಲ ತನಕ. ಮಲಗಿರುವಾಗ ಕಾಲುಗೀಲು ಕಚ್ಚೀತು, ಹುಷಾರು. ಭಾರಿ ಬುದ್ಧಿವಂತ ಇಲಿ ಬೇರೆ. ನಿನ್ನೆ ಬೋನಿಗೆ ಕೇಕಿನ ತುಂಡು ಇಟ್ಟಿದ್ವಲ್ಲ, ಬೆಳಿಗ್ಗೆ ನೋಡಿದ್ರೆ ಬೋನು ಬಿದ್ದಿಲ್ಲ, ಕೇಕು ಮಾತ್ರ ಇಲ್ಲ."

ಬನ್ನಣ್ಣ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಮೆಟ್ಟಿಲ ಮೇಲಿನ ಚೂರು ತನ್ನದು, ಟ್ರೇಯ ಖಾಲಿ ಜಾಗ ತನ್ನದು, ಸರಿ. ಆದರೆ ಕೇಕನ್ನು ಅವನು ಮುಟ್ಟಿರಲಿಲ್ಲ. ಹಾಗಾದರೆ ನಿಜವಾಗಿಯೂ ಒಂದು ಇಲಿ ಇದೆಯೇ? ತಾನು ಮಾಡಿದ್ದನ್ನು ಹೊರಲು ಇಲಿಯೇ ಓಡೋಡಿ ಬಂದಿತೆ? ಅವನು ಜೇಬಿನ ಮೇಲೆ ಕೈಯಿಟ್ಟುಕೊಂಡ. ಒಳಗಿನದು ಮೆತ್ತಗೆ, ಬೆಚ್ಚಗೆ, ಒತ್ತಿದರೆ ಒತ್ತಿಸಿಕೊಳ್ಳುವಂತಿತ್ತು.

"ಎಲ್ಲಿದೆ ಅಂತ ನಂಗೊತ್ತು," ಅಂದಳು ಮಗಳು. "ಈ ಮರದ ಮೇಜೇ ಅದರ ಮನೆ. ಹಲಗೆ ಹಲಗೆ ಮಧ್ಯ ಎಷ್ಟು ಸಂದಿ ನೋಡು. ಸ್ಟೀಲಿನ ಮೇಜಿಗೆ ಹೇಳಿಬಿಟ್ಟಿದೀನಿ ಅಪ್ಪ. ಮಧ್ಯಾಹ್ನ ಗಾಡೀಲಿ ಬರುತ್ತೆ, ಬಂದ ಗಾಡೀಲೇ ಇದನ್ನ ಕಳಿಸಿಬಿಡೋಣ. ಇಲಿ ಇದೆ ಅಂತ ಬೀದೀಲಿ ಒಬ್ಬರಿಗೆ ಗೊತ್ತಾದ್ರೂ ನಾಳೆಯಿಂದ ನಮ್ಮ ಬನ್ನು ನಾವೇ ತಿನ್ನಬೇಕು."

ಹೇಳುವುದಕ್ಕೆ ಇದೇ ಸಮಯವಾಗಿತ್ತು. ನಾಲ್ಕು ಪದ ಸಾಕಿತ್ತು. ಅವು ನಾಲಿಗೆಯ ತುದಿಗೆ ಬಂದೂ ಬಂದವು. ಆದರೆ ಮಗಳು ಟ್ರೇ ಎತ್ತಲು ಬಗ್ಗಿದಾಗ ಅವಳ ಎರಡು ಕೈಯೂ ಮೊಣಕೈವರೆಗೆ ಹಿಟ್ಟಾಗಿದ್ದದ್ದು ಕಣ್ಣಿಗೆ ಬಿತ್ತು, ಮತ್ತು ತನ್ನ ಕೈಯ ಪ್ಲಾಸ್ಟರು ಬಿಚ್ಚಿದ ದಿನದ ಬೆಳಿಗ್ಗೆ ಇದ್ದಕ್ಕಿದ್ದಂತೆ ಇಲ್ಲೇ, ಈ ಮೇಜಿನ ಮೇಲೆ ಬಂದು ಕೂತಿತು. ಅವತ್ತು ಅವನು ಎಲ್ಲರಿಗಿಂತ ಮೊದಲೇ ಎದ್ದು, ಅಂಗಿಯ ತೋಳು ಮಡಚಿ, ಮದುಮಗನ ಹಾಗೆ ಬಂದು ನಿಂತಿದ್ದ. ಸ್ಟೂಲಿನಿಂದ ಬಿದ್ದು ಮಣಿಕಟ್ಟು ಮುರಿದಾಗಿನಿಂದ ಆ ಗಳಿಗೆಗೇ ಕಾದಿದ್ದ. ಮಗಳು ನಗುತ್ತಾ ದೊಡ್ಡ ಮುದ್ದೆ ಹಿಟ್ಟನ್ನು ಎದುರಿಗಿಟ್ಟು "ಶುರು ಮಾಡು ಅಪ್ಪ" ಅಂದಳು. ಅವನು ಅಂಗೈ ಊರಿ ಒತ್ತಿದ. ಹಿಟ್ಟು ಅಲ್ಲಾಡಲಿಲ್ಲ. ಮತ್ತೆ ಒತ್ತಿದ. ಇಡೀ ಆಯುಷ್ಯ ಹೇಳಿದ ಹಾಗೆ ಕೇಳಿದ ಹಿಟ್ಟು ಗೊತ್ತೇ ಇಲ್ಲದವನನ್ನು ನೋಡುವ ಹಾಗೆ ಅವನನ್ನು ನೋಡಿತು. ಮುಂಗೈ ಸೊರಗಿ, ಚರ್ಮ ಜೋಲುಬಿದ್ದು, ಬೇರೆ ಯಾರದೋ ಕೈಯನ್ನು ತನ್ನ ಅಂಗಿಯೊಳಗೆ ತೂರಿಸಿಕೊಂಡಂತೆ ಕಾಣುತ್ತಿತ್ತು. ಹಣೆಯ ಮೇಲೆ ಬೆವರು ಬಂತು. ಆಗ ಮಗಳು ನಿದ್ದೆಹೋದ ಮಗುವನ್ನು ತೊಡೆಯಿಂದ ಎತ್ತಿಕೊಳ್ಳುವ ಹಾಗೆ ಹಿಟ್ಟನ್ನು ಅವನ ಕೈ ಕೆಳಗಿನಿಂದ ಮೆಲ್ಲಗೆ ಜಾರಿಸಿಕೊಂಡು, ಬೇರೆ ಮಾತಾಡುತ್ತಾ, ತಾನೇ ನಾದತೊಡಗಿದಳು. ಬೈದಿದ್ದರೆ ಬನ್ನಣ್ಣ ತಡೆದುಕೊಳ್ಳುತ್ತಿದ್ದ. ಆ ಬೇರೆ ಮಾತು, ಹವೆಯ ಬಗ್ಗೆಯೋ ಏನೋ, ಅದನ್ನು ತಡೆದುಕೊಳ್ಳಲಾಗಲಿಲ್ಲ. ಕೈ ನೆಟ್ಟಗಿಲ್ಲದವನು ಮೇಜಿನ ಹತ್ತಿರ ಬರಬಾರದು ಎಂಬ ಕಟ್ಟಳೆ ಮಾಡಿದವನೇ ಅವನು. ಹಿಂದೊಮ್ಮೆ ಬೆರಳಿಗೆ ಪಟ್ಟಿ ಸುತ್ತಿಕೊಂಡು ಬಂದ ಅಳಿಯನನ್ನು ಗಿರಾಕಿಗಳೆದುರಿಗೇ ಕಣ್ಣು ಕೆಕ್ಕರಿಸಿ ಆಚೆಗೆ ಕಳಿಸಿದ್ದ, ಮತ್ತು ಅಳಿಯ ಪೆಚ್ಚುಮೋರೆ ಹಾಕಿಕೊಂಡು ಗಲ್ಲಾಪೆಟ್ಟಿಗೆಯ ಹಿಂದೆ ಹೋಗಿ ಕೂತದ್ದನ್ನು ನೋಡಿ ಮನಸ್ಸಿನಲ್ಲೇ ನಕ್ಕಿದ್ದ. ಈಗ ಗಲ್ಲಾಪೆಟ್ಟಿಗೆಯ ಹಿಂದಿನ ಆ ಕುರ್ಚಿ ಎಷ್ಟು ಗಟ್ಟಿ ಎಂದು ಅವನ ಸೊಂಟಕ್ಕೂ ಗೊತ್ತಾಗಿತ್ತು.

"ನಾನು ಕೈ ತೋರಿಸ್ಕೊಂಡು ಬರ್ತೀನಿ," ಅಂದ. ಬಾಯಿಗೆ ಬಂದ ನಾಲ್ಕು ಪದ ಇವಾಗಿದ್ದವು.

"ಡಾಕ್ಟರಮ್ಮ ಕೊಟ್ಟ ಚೆಂಡು ಒತ್ತುತಾ ಇದೀಯಾ ತಾನೆ?" ಮಗಳು ಕೂಗಿ ಕೇಳಿದಳು.

"ಒತ್ತದೆ ಏನು," ಅನ್ನುತ್ತಾ ಬೀದಿಗಿಳಿದ.

ಚೆಂಡು ಅವನ ಕೋಣೆಯ ಕಪಾಟಿನಲ್ಲಿ, ಚಳಿಗಾಲದ ಕಾಲುಚೀಲಗಳ ಹಿಂದೆ ಬಿದ್ದಿತ್ತು. ಹಳದಿ ಬಣ್ಣದ ರಬ್ಬರಿನ ಚೆಂಡು. ಅದರ ಮೇಲೆ ಯಾರೋ ಕಣ್ಣು ಬಾಯಿ ಬರೆದು ನಗಿಸಿ ಬೇರೆ ಇಟ್ಟಿದ್ದರು. ಅದನ್ನು ಒತ್ತಿದಾಗಲೆಲ್ಲ ಅದು ನಗುತ್ತಲೇ ಮತ್ತೆ ಉಬ್ಬಿಕೊಳ್ಳುತ್ತಿತ್ತು. ಒತ್ತಿದ್ದಕ್ಕೂ ಒತ್ತದೆ ಇದ್ದದ್ದಕ್ಕೂ ಅದರ ಪಾಲಿಗೆ ಏನೂ ವ್ಯತ್ಯಾಸವಿರಲಿಲ್ಲ. ಹಿಟ್ಟು ಹಾಗಲ್ಲ. ಹಿಟ್ಟಿಗೆ ಕೈಯ ನೆನಪಿರುತ್ತದೆ. ಒತ್ತಿದಷ್ಟನ್ನು ಇಟ್ಟುಕೊಂಡು, ಬಿಟ್ಟದ್ದನ್ನು ತೋರಿಸಿಕೊಡುತ್ತದೆ. ಅದಕ್ಕೇ ಮೊದಲ ಸಲ, ಮಗಳು ಒಲೆಯ ಕಡೆ ತಿರುಗಿದ್ದಾಗ, ಅವನ ಎಡಗೈ ತಾನಾಗಿ ಚಾಚಿಕೊಂಡು ಒಂದು ಉಂಡೆಯನ್ನು ಎತ್ತಿ ಜೇಬಿಗೆ ಇಳಿಸಿತ್ತು. ಮಹಡಿಯ ಕೋಣೆಯ ಬಾಗಿಲು ಹಾಕಿಕೊಂಡು, ಕಿಟಕಿಯ ಕಟ್ಟೆಯ ಮೇಲೆ, ಎದೆ ಹೊಡೆದುಕೊಳ್ಳುತ್ತಿರುವಾಗ ಅದನ್ನು ನಾದಿದ್ದ. ಅರುವತ್ತು ದಾಟಿದ ಗಂಡಸು ಕಿಟಕಿಯ ಹತ್ತಿರ ಬೆನ್ನು ಬಗ್ಗಿಸಿ ನಿಂತು ಅಂಗೈಯಗಲದ ಹಿಟ್ಟಿನ ಜೊತೆ ಹೆಣಗುವುದನ್ನು ಎದುರು ಮಹಡಿಯವರು ನೋಡಿದ್ದರೆ ಏನೆಂದುಕೊಳ್ಳುತ್ತಿದ್ದರೋ! ಆದರೆ ನಾಲ್ಕಾರು ದಿನದಲ್ಲಿ ಹೆಬ್ಬೆರಳಿನ ಬುಡಕ್ಕೆ ಏನೋ ಮರಳಿ ಬಂದಂತಾಗಿತ್ತು. ಯಾರಿಗೂ ಹೇಳುವಂತಿರಲಿಲ್ಲ. ಪೂರ್ತಿ ಬಂದ ಮೇಲೆ ಒಂದು ಬೆಳಿಗ್ಗೆ ಸುಮ್ಮನೆ ಹೋಗಿ ಮೇಜಿನ ಮುಂದೆ ನಿಂತು, ಏನೂ ಆಗಿಯೇ ಇಲ್ಲವೆಂಬಂತೆ ಮುದ್ದೆಯನ್ನು ಎಳೆದುಕೊಂಡು ನಾದಿಬಿಡಬೇಕು. ಮಗಳು ಆಗ ಹವೆಯ ಬಗ್ಗೆ ಮಾತಾಡಲಿ ನೋಡೋಣ. ಇದು ಅವನ ಲೆಕ್ಕಾಚಾರ. ನಿಲ್ಲುವುದಕ್ಕೆ ಆ ಮೇಜೇ ಇಲ್ಲದಂತೆ ತಾನೇ ಮಾಡಿಕೊಳ್ಳುತ್ತೇನೆಂಬುದು ಲೆಕ್ಕದಲ್ಲಿ ಇರಲಿಲ್ಲ.

ಬೀದಿಯಲ್ಲಿ ಎಲ್ಲರೂ ಎಂದಿನಂತೆ ಮಾತಾಡಿಸಿದರು, ಮತ್ತು ಎಲ್ಲರ ಕಣ್ಣೂ ತನ್ನ ಜೇಬಿನ ಮೇಲೆಯೇ ಇದೆಯೆಂದು ಅವನಿಗನ್ನಿಸಿತು. ಬೇಕರಿಯ ಎದುರಿನ ದರ್ಜಿ ಹೊಲಿಗೆ ಮೆಷಿನ್ನಿನಿಂದ ತಲೆಯೆತ್ತಿ "ಏನು ಬನ್ನಣ್ಣ, ಕೈ ಹೇಗಿದೆ?" ಅಂದ. ಚೆನ್ನಾಗಿದೆ ಎಂದು ತೋರಿಸಲು ಬನ್ನಣ್ಣ ಬಲಗೈಯನ್ನೇ ಎತ್ತಿ ಬೀಸಿದ. ಬೀಸಿದ ಕೈ ಮೇಲೆ ಹೋದದ್ದಕ್ಕಿಂತ ಬೇಗ ಕೆಳಗೆ ಬಂತು. ಬಿಸಿಲು ಚುರುಕಾಗಿತ್ತು. ಕೋಟು ಬಿಚ್ಚಬೇಕೆನ್ನಿಸಿದರೂ ಬಿಚ್ಚಲಿಲ್ಲ. ಹೊಸ ಮೇಜು ಸ್ಟೀಲಿನದಂತೆ. ಸ್ಟೀಲು ತಣ್ಣಗಿರುತ್ತದೆ, ಹಿಟ್ಟಿಗೆ ಚಳಿ ಹಿಡಿಸುತ್ತದೆ, ಎಂದು ಹೇಳಿದರೆ ಮಗಳು ನಗುತ್ತಾಳೆ. ಮರದ ಮೇಜಿನಲ್ಲಿ ಅವನ ಅಂಗೈ ಊರಿ ಊರಿ ಎರಡು ತಗ್ಗು ಬಿದ್ದಿವೆ. ಎದುರು ಬದಿಯಲ್ಲಿ ಇನ್ನೆರಡು ತಗ್ಗಿವೆ, ಅಷ್ಟು ಆಳವಲ್ಲ, ಒಂದಕ್ಕೊಂದು ಹತ್ತಿರ, ಅವು ಹೆಂಡತಿಯವು. ಅವಳು ಹೋಗಿ ಬಹಳ ವರ್ಷವಾದವು. ಈಗ ಮಗಳು ಅದೇ ಬದಿಯಲ್ಲಿ ನಿಲ್ಲುತ್ತಾಳೆ, ಅದೇ ತಗ್ಗಿನಲ್ಲಿ ಕೈಯಿಡುತ್ತಾಳೆ, ಅದು ಯಾರದೆಂದು ಯೋಚಿಸುವುದಕ್ಕೆ ಅವಳಿಗೆ ಪುರುಸೊತ್ತಿರುವುದಿಲ್ಲ. ಒಂದು ಹಿಡಿ ಹಿಟ್ಟಿಗೆ ಆಸೆಪಟ್ಟು ಹೆಂಡತಿಯ ಕೈಗುರುತನ್ನು ಗುಜರಿಗೆ ಕಳಿಸುತ್ತಿದ್ದೇನೆ, ಎಂದುಕೊಂಡ ಬನ್ನಣ್ಣ. ತಿರುಗಿ ಹೋಗಬೇಕು. ತಿರುಗಲೂ ತಿರುಗಿದ. ಅಷ್ಟರಲ್ಲಿ ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತಿದ್ದ ನರ್ಸು "ಬನ್ನಿ ಬನ್ನಿ, ನಿಮ್ಮದೇ ಸರದಿ" ಎಂದು ಕೈಹಿಡಿದು ಒಳಗೆ ಕರೆದೊಯ್ದಳು.

ವ್ಯಾಯಾಮದ ಡಾಕ್ಟರಮ್ಮ ವಯಸ್ಸಿನಲ್ಲಿ ಅವನ ಮಗಳಿಗಿಂತ ಚಿಕ್ಕವಳು. ಕೈ ಕಬ್ಬಿಣ, ಬಾಯಿ ಬತ್ತದ ತೊರೆ. ಕೀಲು ಹಿಡಿದು ತಿರುಗಿಸುವಾಗ ರೋಗಿಗೆ ನೋವು ಮರೆಸಲು ಅವಳು ಕಥೆ ಹೇಳುತ್ತಿದ್ದಳು, ಮತ್ತು ಅವಳಿಗೆ ಗೊತ್ತಿದ್ದ ಕಥೆಯೆಲ್ಲ ಪದಗಳದ್ದು. ಯಾವ ಪದ ಯಾವ ಊರಿನಿಂದ ಹೊರಟು ಯಾರ ಮನೆಯಲ್ಲಿ ತಂಗಿ ಏನು ವೇಷ ಹಾಕಿಕೊಂಡು ಬಂತು ಎಂದು ಹೇಳುವಾಗ ಅವಳ ಕಣ್ಣು, ಪಕ್ಕದ ಮನೆಯ ಗುಟ್ಟು ಸಿಕ್ಕವರ ಕಣ್ಣಿನ ಹಾಗೆ ಮಿನುಗುತ್ತಿತ್ತು. ಮೊಣಕಾಲ ಚಿಪ್ಪಿನ ಹೆಸರಿಗೆ ಮೂಲದಲ್ಲಿ ಪುಟ್ಟ ತಟ್ಟೆ ಎಂದರ್ಥ, ಕತ್ತಿನ ಕೆಳಗಿನ ಎಲುಬಿನ ಹೆಸರಿಗೆ ಪುಟ್ಟ ಬೀಗದ ಕೈ ಎಂದರ್ಥ ಎಂದು ಹಿಂದಿನ ವಾರಗಳಲ್ಲಿ ಹೇಳಿದ್ದಳು. ಬನ್ನಣ್ಣ ಹೂಂಗುಟ್ಟುತ್ತಾ ಕೆಂಪು ದೀಪದ ಶಾಖಕ್ಕೆ ತೂಕಡಿಸುತ್ತಿದ್ದ. ಇವತ್ತು ತೂಕಡಿಕೆ ಬರಲಿಲ್ಲ. ಕೋಟು ಬಿಚ್ಚಿಸಿ ಪಕ್ಕದ ಕುರ್ಚಿಯ ಬೆನ್ನಿಗೆ ಹಾಕಿದ ಡಾಕ್ಟರಮ್ಮ ಕೆಂಪು ದೀಪವನ್ನು ಅವನ ಕೈ ಮೇಲೆ ತಿರುಗಿಸಿದಳು; ದೀಪದ ಅರ್ಧ ಶಾಖ ಕೋಟಿನ ಬಲಜೇಬಿನ ಮೇಲೆ ಬೀಳುತ್ತಿತ್ತು.

"ಈ ಮಸಲ್ ಅನ್ನೋ ಪದ ಎಲ್ಲಿಂದ ಬಂತು ಅಂತ ಗೊತ್ತಾ ಯಜಮಾನ್ರೆ?" ಅವಳು ಅವನ ಮುಂಗೈಯನ್ನು ಬೆರಳಿನಿಂದ ಒತ್ತುತ್ತಾ ಕೇಳಿದಳು.

"ಇಂಗ್ಲೀಷಿಂದ," ಅಂದ ಬನ್ನಣ್ಣ, ಜೇಬನ್ನು ನೋಡುತ್ತಾ.

"ಇಂಗ್ಲಿಷಿಗೆ ಅದು ಬಾಡಿಗೆಗೆ ಬಂದದ್ದು. ಮೂಲ ಲ್ಯಾಟಿನ್. ಅಲ್ಲಿ ಮುಸ್ ಅಂದ್ರೆ ಇಲಿ. ಮುಸ್ಕುಲುಸ್ ಅಂದ್ರೆ ಪುಟ್ಟ ಇಲಿ."

ಬನ್ನಣ್ಣನ ಕೈ ಅವಳ ಹಿಡಿತದಲ್ಲಿ ಬೆಚ್ಚಿತು.

"ನೋವಾಯ್ತಾ?"

"ಇಲ್ಲ. ಏನು ಅಂದ್ರಿ? ಇಲಿ?"

"ಹೂಂ, ಇಲಿ. ಯಾರೋ ಒಬ್ಬ ಹಳೇ ಕಾಲದವನು ಇನ್ನೊಬ್ಬ ತೋಳು ಮಡಚಿ ಬಿಚ್ಚೋದನ್ನ ನೋಡಿದಾನೆ. ಚರ್ಮದಡಿ ಏನೋ ಆ ಕಡೆಯಿಂದ ಈ ಕಡೆ ಓಡಿದ ಹಾಗೆ ಕಂಡಿದೆ. ಬಟ್ಟೆ ಕೆಳಗೆ ಇಲಿ ಓಡುತ್ತಲ್ಲ, ಹಾಗೆ. ಹೆಸರು ಇಟ್ಟುಬಿಟ್ಟ. ಗ್ರೀಕರದ್ದೂ ಇದೇ ಕಥೆ. ಅವರಿಗೆ ಇಲೀಗೂ ಮಾಂಸಖಂಡಕ್ಕೂ ಒಂದೇ ಪದ, ಮೂಸ್. ಈಗಲೂ ಮಾಂಸಖಂಡದ ಕಾಯಿಲೆ ಹೆಸರಲ್ಲೆಲ್ಲ ಮಯೋ ಮಯೋ ಅಂತ ಬರುತ್ತೆ, ಅವು ಅದರ ಮರಿಗಳೇ. ನೀರಲ್ಲಿರೋ ಒಂದು ಚಿಪ್ಪಿನ ಹುಳಕ್ಕೂ ಅದೇ ಲ್ಯಾಟಿನ್ ಹೆಸರು ಅಂಟಿಕೊಂಡಿದೆ."

ಕೋಟಿನ ಜೇಬು ಉಬ್ಬುತ್ತಿತ್ತು. ಬನ್ನಣ್ಣ ಮೊದಲು ಅದು ಬೆಳಕಿನ ಚೇಷ್ಟೆ ಎಂದುಕೊಂಡ. ಕಣ್ಣು ಪಿಳುಕಿಸಿ ನೋಡಿದ. ಮುಚ್ಚಳದಂತಿದ್ದ ಜೇಬಿನ ಬಾಯಿ ಮೆಲ್ಲಗೆ ಮೇಲೇಳುತ್ತಿತ್ತು. ಆಗ ಅವನಿಗೆ ಹೊಳೆದ ಸಂಗತಿ ಎಂಥದ್ದೆಂದರೆ ಅವನು ಗಟ್ಟಿಯಾಗಿ ನಗಬೇಕೋ ಅಳಬೇಕೋ ತಿಳಿಯದೆ ಹಲ್ಲು ಕಚ್ಚಿದ. ಈಸ್ಟು! ಜೀವಮಾನವೆಲ್ಲ ಹಿಟ್ಟನ್ನು ಬೆಚ್ಚಗಿನ ಮೂಲೆಯಲ್ಲಿ ಒದ್ದೆ ಬಟ್ಟೆ ಹೊದಿಸಿ ಉಬ್ಬಲು ಬಿಟ್ಟು, ಬೇಕರಿ ಕೆಲಸ ಕಲಿಯುವವರಿಗೆಲ್ಲ ಉಬ್ಬುವುದಕ್ಕೆ ಬೇಕಾದದ್ದು ಎರಡೇ, ಬಿಸುಪು ಮತ್ತು ತೇವ ಎಂದು ಪಾಠ ಹೇಳಿದವನು, ಇವತ್ತು ತಾನೇ ಅದನ್ನು ಒದ್ದೆ ಕರವಸ್ತ್ರದಲ್ಲಿ ಸುತ್ತಿ, ಮೈಗೆ ಒತ್ತಿಕೊಂಡು ಬಿಸಿಲಲ್ಲಿ ನಡೆದು, ತಂದು ದೀಪದ ಕೆಳಗೆ ಇಟ್ಟಿದ್ದ. ದಿನವೂ ಕದ್ದದ್ದನ್ನು ಆಗಿಂದಾಗಲೇ ನಾದಿ ಮುಗಿಸುತ್ತಿದ್ದುದರಿಂದ ಅದು ಉಬ್ಬುವಷ್ಟು ಹೊತ್ತು ಜೇಬಿನಲ್ಲಿ ಇದ್ದದ್ದೇ ಇಲ್ಲ. ಬೇಕರಿಯ ಹುಳಿವಾಸನೆ ಆಸ್ಪತ್ರೆಯ ಫಿನಾಯಿಲಿನ ವಾಸನೆಯನ್ನು ಹಿಂದಕ್ಕೆ ತಳ್ಳಿ ಕೋಣೆಯೊಳಗೆ ಹರಡತೊಡಗಿತು. ಅವನು ಏನಾದರೂ ಮಾತಾಡಬೇಕಿತ್ತು.

"ನಮ್ಮಲ್ಲಿ ಕಾಲಲ್ಲಿ ಮೀನಿದೆ ಅಂತಾರಲ್ಲ," ಅಂದ, ಏನು ತೋಚಿತೋ ಅದನ್ನು. "ಮೀನಖಂಡ."

ಡಾಕ್ಟರಮ್ಮ ಅವನ ಕೈಯನ್ನು ಬಿಟ್ಟು ತನ್ನ ಕಾಲನ್ನೇ ನೋಡಿಕೊಂಡಳು. "ಅರೆ! ಹೌದಲ್ಲ! ದಿನಾ ಹೇಳ್ತೀನಿ, ಒಂದಿನಾನೂ ಮೀನು ಕಾಣಿಸಿರಲಿಲ್ಲ ನಂಗೆ. ಅವರು ತೋಳಲ್ಲಿ ಇಲಿ ಬಿಟ್ಕೊಂಡ್ರು, ನಾವು ಕಾಲಲ್ಲಿ ಮೀನು ಬಿಟ್ಕೊಂಡ್ವಿ!" ಅವಳು ಮಗುವಿನಂತೆ ನಕ್ಕು ಮತ್ತೆ ಅವನ ಕೈ ಹಿಡಿದಳು. "ಇಲಿ ಬರೀ ಅವರದ್ದೇ ಅಲ್ಲ ಮತ್ತೆ. ಸಂಸ್ಕೃತದ ಮೂಷಕ ಇದೆಯಲ್ಲ, ಅದೂ ಇದೇ ಬಳ್ಳೀದು. ಈ ಭಾಷೆಗಳೆಲ್ಲ ಬೇರೆ ಬೇರೆ ಆಗೋಕೆ ಮುಂಚೆ, ಇನ್ನೂ ಬರಹವೇ ಇಲ್ಲದ ಕಾಲದಲ್ಲಿ, ಎಲ್ಲರ ಮನೇಲೂ ಆ ಒಂದೇ ಪದ ಓಡಾಡ್ತಿತ್ತಂತೆ."

"ಅದಕ್ಕೂ ಹಿಂದೆ?" ಬನ್ನಣ್ಣ ಹೊತ್ತು ಕಳೆಯಲು ಕೇಳಿದ.

"ಅದಕ್ಕೂ ಹಿಂದೆ ಕದಿಯೋದು ಅನ್ನೋ ಅರ್ಥ ಇದ್ದಿರಬಹುದು ಅಂತ ಕೆಲವರು ಹೇಳ್ತಾರೆ. ಸಂಸ್ಕೃತದಲ್ಲಿ ಮುಷ್ ಅಂದ್ರೆ ಕದಿಯೋದೇ. ಎಲ್ಲರೂ ಒಪ್ಪಲ್ಲ. ನಂಗಂತೂ ಒಪ್ಪೋಕೆ ಇಷ್ಟ. ಅಡುಗೆಮನೆಯಿಂದ ಕದ್ದು ಓಡೋದು ಯಾವುದೋ ಅದು ಇಲಿ. ಏನ್ ಯಜಮಾನ್ರೆ, ಯಾಕೆ ಹೀಗೆ ಬೆವರ್ತಿದೀರಿ?"

ಆಗ ಜೇಬು ತಾಳಲಾರದೆ ಬಾಯಿಬಿಟ್ಟಿತು. ಕರವಸ್ತ್ರದ ಗಂಟನ್ನು ಸಡಿಲಿಸಿಕೊಂಡು ಬಿಳಿಯ, ಮೆತ್ತನೆಯ, ದುಂಡುಮೂತಿಯ ಏನೋ ಒಂದು ಹೊರಗಿಣುಕಿ, ಸ್ವಲ್ಪ ಹೊತ್ತು ಜೇಬಿನ ಅಂಚಿನಲ್ಲಿ ತಂಗಿ, ಕುರ್ಚಿಯ ಮೇಲೆ ಪೊತ್ತೆಂದು ಬಿತ್ತು. ಡಾಕ್ಟರಮ್ಮ ಚಿಟ್ಟನೆ ಚೀರಿ ಹಿಂದಕ್ಕೆ ನೆಗೆದಳು. ಬಾಗಿಲಲ್ಲಿ ನರ್ಸಿನ ತಲೆ ಕಾಣಿಸಿಕೊಂಡಿತು. ಬನ್ನಣ್ಣ ಅದಕ್ಕೆ "ಏನಿಲ್ಲ, ಏನಿಲ್ಲ, ಹಿಟ್ಟು" ಅಂದ. ನರ್ಸು ಒಬ್ಬರಾದ ಮೇಲೊಬ್ಬರನ್ನು ನೋಡಿ, ಇಂಥದ್ದೆಲ್ಲ ತನ್ನ ಕೆಲಸಕ್ಕೆ ಸೇರಿದ್ದಲ್ಲ ಎಂಬಂತೆ ಬಾಗಿಲು ಹಾಕಿಕೊಂಡು ಹೋದಳು. ಮುಚ್ಚಿಡುವುದಕ್ಕೆ ಇನ್ನೇನೂ ಉಳಿದಿರಲಿಲ್ಲ. ಬನ್ನಣ್ಣ ತಲೆ ತಗ್ಗಿಸಿ, ಶಾಲೆಯ ಹುಡುಗನಂತೆ, ಚೆಂಡು, ಕಪಾಟು, ಕಿಟಕಿಯ ಕಟ್ಟೆ, ಟ್ರೇಯ ಖಾಲಿ ಜಾಗ ಎಲ್ಲವನ್ನೂ ಹೇಳಿದ. ಬೈಗುಳಕ್ಕೆ ಕಾದ. ಡಾಕ್ಟರಮ್ಮ ಒಂದು ಶುಭ್ರ ಬಟ್ಟೆಯನ್ನು ಪರೀಕ್ಷೆಯ ಮಂಚದ ಮೇಲೆ ಹಾಸಿ, ಹಿಟ್ಟನ್ನು ಅದರ ಮೇಲಿಟ್ಟು, "ಎಲ್ಲಿ, ನಾದಿ ತೋರ್ಸಿ," ಅಂದಳು.

ಅವನು ನಾದಿದ. ಬಾಗಿಲ ಕಡೆ ಒಂದು ಕಣ್ಣು, ಬೆನ್ನು ಬಗ್ಗಿ, ಭುಜ ಕಿವಿಯ ಮಟ್ಟಕ್ಕೆ ಏರಿ, ಉಸಿರು ಹಿಡಿದು. ಅವಳು ಅವನ ಮುಂಗೈ ಮೇಲೆ ಎರಡು ಬೆರಳಿಟ್ಟು ನೋಡುತ್ತಿದ್ದಳು. ಆಮೇಲೆ ಅವನ ಭುಜವನ್ನು ಕೆಳಗೆ ಅದುಮಿದಳು. "ಇದೇ ನೋಡಿ ತಪ್ಪು. ಹಿಟ್ಟು ಒತ್ತಬೇಡಿ ಅಂತ ನಾನ್ಯಾಕೆ ಹೇಳ್ಲಿ, ಚೆಂಡಿಗಿಂತ ಒಳ್ಳೇದೇ. ಆದ್ರೆ ನೀವು ಕದ್ದು ನಾದ್ತಿದೀರಿ. ಕದಿಯೋನ ಮೈ ಹೀಗೇ ಬಿಗಿದುಕೊಳ್ಳೋದು. ಅರ್ಧ ಬಲ ಭುಜ ತಿಂದುಹಾಕುತ್ತೆ. ಹೀಗೇ ಮಾಡ್ತಿದ್ರೆ ಕೈ ಬರೋ ಹೊತ್ತಿಗೆ ಕತ್ತು ಹೋಗುತ್ತೆ. ಇಷ್ಟು ವರ್ಷ ಎಲ್ಲಿ ನಿಂತು ನಾದ್ತಿದ್ರಿ?"

"ನಮ್ಮ ಮೇಜಿನ ಮುಂದೆ."

"ಅಲ್ಲೇ ನಿಲ್ಲಿ. ನಿಮ್ಮ ಕೈಯಿ ಆ ಮೇಜಿನ ಎತ್ತರಕ್ಕೆ ಒಗ್ಗಿದೆ. ದಿನಾ ಸ್ವಲ್ಪ ಸ್ವಲ್ಪ, ಎಲ್ಲರೆದುರಿಗೆ, ಉಸಿರು ಬಿಟ್ಕೊಂಡು." ಅವಳು ಮತ್ತೆ ಬೆರಳಿಟ್ಟಳು. ಮುಖ ಅರಳಿತು. "ಇನ್ನೊಂದ್ಸಲ ಒತ್ತಿ. ಹಾಂ! ಓಡ್ತು ನೋಡಿ! ಪುಟ್ಟದು, ಸೊರಗಿದೆ, ಆದ್ರೆ ಬಂದಿದೆ!"

ಬನ್ನಣ್ಣನೂ ನೋಡಿದ. ಜೋಲುಬಿದ್ದ ಚರ್ಮದಡಿ ಏನೋ ಮೊಣಕೈಯಿಂದ ಹೊರಟು ಅರ್ಧ ದಾರಿ ಹೋಗಿ ಹಿಂದಿರುಗಿತು. ಅವನಿಗೆ ಆದ ಸಂತೋಷಕ್ಕೆ ಎಣೆಯಿರಲಿಲ್ಲ. ಡಾಕ್ಟರಮ್ಮನ ತಲೆ ಸವರಬೇಕೆನ್ನಿಸಿತು. ಮರುಕ್ಷಣವೇ ಮೇಜು ನೆನಪಾಯಿತು, ಮಧ್ಯಾಹ್ನದ ಗಾಡಿ ನೆನಪಾಯಿತು. ಕೋಟನ್ನು ಒಂದೇ ತೋಳಿಗೆ ತೂರಿಸಿ, ಹಿಟ್ಟನ್ನು ಬಟ್ಟೆಯ ಸಮೇತ ಎತ್ತಿಕೊಂಡು ಅವನು ಓಡಿದ. ಬಟ್ಟೆ ಆಸ್ಪತ್ರೆಯದು ಎಂದು ನರ್ಸು ಹಿಂದಿನಿಂದ ಕೂಗುತ್ತಿದ್ದಳು.

ಓಡುವುದೆಂದರೆ ಅವನ ವಯಸ್ಸಿನ ಓಟ. ಆದರೂ ಬೀದಿ ದಾರಿ ಬಿಟ್ಟಿತು. ಬೇಕರಿಯ ಮುಂದೆ ಗಾಡಿ ನಿಂತಿತ್ತು. ಒಳಗೆ, ಬಾಗಿಲಿನ ಕತ್ತಲೆಯಲ್ಲಿ, ಸ್ಟೀಲಿನ ಮೇಜು ಹೊಸ ನೆಂಟನ ಹಾಗೆ ಥಳಥಳಿಸುತ್ತಾ ನಿಂತಿತ್ತು. ಮರದ ಮೇಜು ಹೊರಗೆ, ಫುಟ್‌ಪಾತಿನ ಮೇಲೆ. ಇಷ್ಟು ವರ್ಷದಲ್ಲಿ ಅದರ ಮೇಲೆ ಬಿಸಿಲು ಬಿದ್ದದ್ದೇ ಇಲ್ಲ. ಈಗ ಬಿದ್ದ ಬಿಸಿಲಿನಲ್ಲಿ ಅದರ ನಾಲ್ಕು ತಗ್ಗುಗಳೂ ನೆರಳು ತುಂಬಿಕೊಂಡು ಎದ್ದು ಕಾಣುತ್ತಿದ್ದವು. ಗಾಡಿಯವನು ಹಗ್ಗ ಬಿಚ್ಚುತ್ತಿದ್ದ. ದರ್ಜಿ ತನ್ನ ಬಾಗಿಲಿಗೆ ಬಂದು "ಏನು, ಅಂಗಡಿ ಖಾಲಿ ಮಾಡ್ತಿದೀರಾ?" ಎಂದು ಕೇಳುತ್ತಿದ್ದ, ಮಗಳು "ಹಳೇದಾಯ್ತು, ಅದಕ್ಕೇ" ಎಂದು ಹಾರಿಕೆಯ ಉತ್ತರ ಕೊಡುತ್ತಿದ್ದಳು. ಮನೆಯ ಮಾನಕ್ಕಾಗಿ ಅವಳು ಆಡುತ್ತಿದ್ದ ಆ ಸಣ್ಣ ಸುಳ್ಳು ಬನ್ನಣ್ಣನ ಎದೆಗೆ ನಾಟಿತು. ಏದುಸಿರು ಬಿಡುತ್ತಲೇ ಅವನು ನೇರವಾಗಿ ಮೇಜಿನ ಹತ್ತಿರ ಹೋಗಿ, ತನ್ನ ಬದಿಯಲ್ಲಿ ನಿಂತು, ಬಟ್ಟೆ ಬಿಚ್ಚಿ ಹಿಟ್ಟನ್ನು ಹಲಗೆಯ ಮೇಲೆ ಹಾಕಿ ನಾದತೊಡಗಿದ. ನಡುಬೀದಿಯ ಬಿಸಿಲಿನಲ್ಲಿ, ಒಂದೇ ತೋಳಿಗೆ ಕೋಟು ನೇತಾಡುತ್ತಿರುವಾಗ.

ಮಗಳು ಬಂದು ಎದುರು ಬದಿಯಲ್ಲಿ ನಿಂತಳು. ಬಗ್ಗಿ ಮೂಸಿದಳು. "ಇದು ಬೆಳಗಿನ ಹಿಟ್ಟು. ಹಾಲು ಜಾಸ್ತಿ ಹಾಕಿದ್ದೆ. ನಂದೇ ಹಿಟ್ಟು."

"ಇಲಿ ನಾನೇ ಕಣಮ್ಮ," ಅಂದ ಬನ್ನಣ್ಣ. "ದಿನಾ ನಾನೇ ತಗೊಂಡಿದ್ದು. ಮೆಟ್ಟಿಲ ಮೇಲಿಂದೂ ನಂದೇ. ಈ ಮೇಜಿನ ತಪ್ಪೇನೂ ಇಲ್ಲ."

ಗಾಡಿಯವನು ಹಗ್ಗವನ್ನು ಹಿಡಿದೇ ನಿಂತ. ಅಳಿಯ ಮುಂದೆ ಬಂದು, ಬಹಳ ಮರ್ಯಾದೆಯಿಂದ, "ಬೋನಿನ ಕೇಕೂ ನೀವೇನಾ ಮಾವ?" ಅಂದ.

"ಅದನ್ನ ನಾನು ಮುಟ್ಟಿಲ್ಲಪ್ಪ! ದೇವರಾಣೆ!"

"ಅಲ್ಲ, ಅದು..." ಅಳಿಯ ತಲೆ ಕೆರೆದುಕೊಂಡ. "ಅದು ನಾನೇ ತಿಂದೆ. ಸುಮ್ನೆ ವೇಸ್ಟ್ ಆಗುತ್ತಲ್ಲ ಅಂತ. ಅದೂ ನಿಮ್ಮ ಮೇಲೇ ಬಂದುಬಿಡುತ್ತೇನೋ ಅಂತ ಆಸೆಯಿಂದ ಕೇಳ್ದೆ."

ಮೊದಲು ನಕ್ಕವನು ದರ್ಜಿ. ಆಮೇಲೆ ಗಾಡಿಯವನು, ಯಾಕೆಂದು ಗೊತ್ತಿಲ್ಲದಿದ್ದರೂ. ಮಗಳು ಹಿಟ್ಟಿನ ಕೈಯಿಂದಲೇ ಬಾಯಿ ಮುಚ್ಚಿಕೊಂಡು, ಮೇಜಿಗೆ ಆತುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ಒಂದಲ್ಲ, ಎರಡು ಇಲಿ ಸಾಕ್ಕೊಂಡಿದೀನಲ್ಲಪ್ಪ ನಾನು!" ಅಂದಳು. ನಗು ನಿಂತರೂ ನೀರು ನಿಲ್ಲಲಿಲ್ಲ. "ಕೇಳಿದ್ರೆ ನಾನು ಕೊಡ್ತಿರಲಿಲ್ವಾ ಅಪ್ಪ?"

"ಕೇಳೋಕೆ ನಾಚಿಕೆ ಆಯ್ತು."

"ಅವತ್ತು ನಿನ್ನ ಕೈಯಿಂದ ಹಿಟ್ಟು ತಗೊಂಡ್ನಲ್ಲ, ಆಮೇಲೆ ಒಳಗೆ ಹೋಗಿ ಎಷ್ಟು ಅತ್ತೆ ಗೊತ್ತಾ? ನಿಂಗೆ ಬೇಜಾರಾಗಬಾರದು ಅಂತ ಏನೇನೋ ಬಡಬಡಿಸ್ತಾ ಇದ್ದೆ." ಅವಳು ಮೂಗೊರೆಸಿಕೊಂಡು, ಅವನು ನಾದಿದ್ದನ್ನು ಬೆರಳಿನಿಂದ ಎತ್ತಿ ಎಳೆದು ನೋಡಿದಳು, ಥೇಟ್ ಅವನು ಅವಳಿಗೆ ಕಲಿಸಿದ ಹಾಗೆ. "ಕೆಟ್ಟದಾಗಿ ನಾದಿದೀಯ. ನಾನು ಹೀಗೆ ನಾದಿದ್ರೆ ಇಡೀ ದಿನ ಬೈತಿದ್ದೆ ನೀನು. ನಾಳೆಯಿಂದ ಬೆಳಿಗ್ಗೆ ನನ್ನ ಎದುರಿಗೆ ಬಂದು ನಿಂತ್ಕೋ. ಎರಡು ಬನ್ನಿನಷ್ಟು ಕೊಡ್ತೀನಿ. ಆಮೇಲೆ ನೋಡೋಣ."

"ಮೂರು," ಅಂದ ಬನ್ನಣ್ಣ.

"ಎರಡು."

ಸ್ಟೀಲಿನ ಮೇಜು ಕೇಕಿನ ಮೂಲೆಗೆ ಇರಲಿ ಎಂದು ತೀರ್ಮಾನವಾಯಿತು. ಮರದ ಮೇಜನ್ನು ಒಳಗೆ ತರಲು ನಾಲ್ಕು ಜನ ಬೇಕು. ಮಗಳು, ಅಳಿಯ, ಗಾಡಿಯವನು ಒಂದೊಂದು ಮೂಲೆ ಹಿಡಿದರು. ನಾಲ್ಕನೆಯದಕ್ಕೆ ದರ್ಜಿ ಬರುವಷ್ಟರಲ್ಲಿ ಬನ್ನಣ್ಣ ಹೋಗಿ ಹಿಡಿದಿದ್ದ, ಎರಡೂ ಕೈಯಲ್ಲಿ. "ಎತ್ತಿ" ಎಂದು ಗಾಡಿಯವನು ಕೂಗಿದ. ಮೇಜು ಎದ್ದಿತು, ಎದ್ದದ್ದೇ ಬನ್ನಣ್ಣನ ಮೂಲೆಗೆ ವಾಲಿತು. ಮೂರು ಮೂಲೆ ಸೊಂಟದ ಮಟ್ಟದಲ್ಲಿತ್ತು, ಅವನದು ಮಂಡಿಯ ಹತ್ತಿರ ನಡುಗುತ್ತಿತ್ತು. ಹಲಗೆಯ ಮೇಲಿದ್ದ ಹಿಟ್ಟು ಅವನ ಕಡೆಗೆ ಜಾರತೊಡಗಿತು. ಬಿಡಿ ಎಂದು ಯಾರೂ ಅನ್ನಲಿಲ್ಲ. ಹವೆಯ ಬಗ್ಗೆಯೂ ಯಾರೂ ಮಾತಾಡಲಿಲ್ಲ. ಮಗಳು ಅವನ ಮುಖವನ್ನು ಒಮ್ಮೆ ನೋಡಿ, ಮಂಡಿ ಬಗ್ಗಿಸಿ ತನ್ನ ಮೂಲೆಯನ್ನು ಅವನ ಮೂಲೆಯ ಮಟ್ಟಕ್ಕೆ ಇಳಿಸಿದಳು. ಅಳಿಯ ಇಳಿಸಿದ. ಗಾಡಿಯವನೂ ಗೊಣಗಿಕೊಂಡು ಇಳಿಸಿದ. ಜಾರುತ್ತಿದ್ದ ಹಿಟ್ಟು ನಿಂತಿತು. ಹಾಗೆ, ನಾಲ್ವರೂ ಕುಕ್ಕರಗಾಲಿನಲ್ಲಿ, ಬಾತುಕೋಳಿಗಳ ಹಾಗೆ ಹೆಜ್ಜೆಯಿಡುತ್ತಾ ಮೇಜನ್ನು ಬಾಗಿಲ ಕಡೆ ಸಾಗಿಸಿದರು. ದರ್ಜಿ ಬಿದ್ದು ಬಿದ್ದು ನಗುತ್ತಿದ್ದ. "ಹೊಸ್ತಿಲು, ಅಪ್ಪ, ಹುಷಾರು," ಅಂದಳು ಮಗಳು. ಬನ್ನಣ್ಣ ಉಸಿರು ಬಿಟ್ಟು, ಭುಜ ಇಳಿಸಿ, ಹಿಡಿತ ಬಿಗಿಮಾಡಿದ. ಬಲ ಮುಂಗೈಯ ಚರ್ಮದಡಿ ಏನೋ ಮೊಣಕೈಯಿಂದ ಹೊರಟು, ಈ ಸಲ ಮಣಿಕಟ್ಟಿನ ತನಕ ಓಡಿತು.